ಹೊಸ್ತಿಗೆ ಹೋದ ಹನ್ನೊಂದು ತೆನೆ

ಇದು ಆಗುವ ಮಾತಲ್ಲ ಎಂದು ಮೊದಲು ಹೇಳಿದ್ದು ನನ್ನ ಸೋದರಮಾವ. ಎರಡನೆಯ ಸಲ ಹೇಳಿದ್ದೂ ಅವರೇ. ಮೂರನೆಯ ಸಲ ನಾನೇ ಹೇಳಿಕೊಂಡೆ.

ಮೊದಲ ಸಲ 1997ರಲ್ಲಿ. ಪಿಯುಸಿ ಪಾಸಾಗಿ ಕೃಷಿ ಬಿಎಸ್ಸಿಯ ಅರ್ಜಿ ತಂದಿದ್ದೆ. ತ್ರಾಸಿಯ ನಮ್ಮ ಮನೆಯ ಜಗಲಿಯಲ್ಲಿ ಮಾವ ಹರಿದ ಬಲೆ ಹೊಲಿಯುತ್ತ ಕೂತಿದ್ದರು. ಅಪ್ಪಯ್ಯ ವರ್ಷದ ಎಂಟು ತಿಂಗಳು ರತ್ನಾಗಿರಿ ಕಡೆಯ ಬೋಟಿನಲ್ಲಿರುತ್ತಿದ್ದ ಕಾರಣ ಮನೆಯಲ್ಲಿ ಮಾವನ ಮಾತೇ ಕಡೆಯ ಮಾತು. ಅರ್ಜಿಯಲ್ಲಿ ತಂದೆಯ ಹೆಸರಿನಲ್ಲಿರುವ ಜಮೀನಿನ ವಿವರ ಕೇಳಿದ್ದರು. ಕೃಷಿಕರ ಮಕ್ಕಳಿಗೆ ಬೇರೆ ಸೀಟುಗಳಿದ್ದವು, ಪಹಣಿ ಲಗತ್ತಿಸಬೇಕಿತ್ತು. ನಾನು ಅಲ್ಲಿ ‘ಇಲ್ಲ’ ಎಂದು ಬರೆದೆ.

“ಎಂತ ಬರ್ದೆ?” ಎಂದರು ಮಾವ, ಬಲೆಯಿಂದ ಕಣ್ಣೆತ್ತದೆ.

“ಇಲ್ಲೆ ಅಂದ್ಹೇಳಿ ಬರ್ದೆ.”

“ಇಲ್ಲೆ ಅಂದ್ಮೇಲೆ ಮತ್ತೆಂತಕ್ ಹೋಪುದ್ ಹೆಣೆ? ಗದ್ದಿ ಇದ್ದರೇ ಗದ್ದಿ ಬಿಟ್ಟ್ ಬೊಂಬಾಯಿಗ್ ಹೋತ್ರ್. ನಮ್ಗ್ ಒಂದ್ ಸೆಂಟ್ಸ್ ಇಲ್ಲೆ. ನೀ ಎಂತ ಕಲ್ತ್ ಬಂದ್ ಸಮುದ್ರ ಉಳ್ತ್ಯಾ? ಅದ್ ಆಪು ಕತಿ ಅಲ್ಲ.”

ಆದರೂ ಅರ್ಜಿ ಹಾಕಿದೆ, ಪಹಣಿ ಇಲ್ಲದವರ ಸಾಲಿನಲ್ಲೇ ಸೀಟು ಸಿಕ್ಕಿತು. ನಮ್ಮ ಮನೆಯಲ್ಲಿ ಹತ್ತನೆಯ ತರಗತಿ ದಾಟಿದವಳು ನಾನೇ ಮೊದಲು, ಡಿಗ್ರಿ ಮುಗಿಸಿದವಳೂ ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಕಾಲೇಜಿನ ಮೊದಲ ವರ್ಷ ನೇಗಿಲ ಗುಳವನ್ನೂ ಕುಂಟೆಯ ಹಲ್ಲನ್ನೂ ಗುರುತಿಸಲಾಗದೆ ಪ್ರಾಕ್ಟಿಕಲ್ಲಿನಲ್ಲಿ ನಿಂತವಳು ನಾನು. ಹೊಲದ ಮನೆಯಿಂದ ಬಂದ ಹುಡುಗಿಯರು ನಗುತ್ತಿದ್ದರು. ಎಂಎಸ್ಸಿ ಮುಗಿಸಿ, ಕೆಲವು ವರ್ಷ ಒಂದು ಯೋಜನೆಯಲ್ಲಿ ಸಹಾಯಕಿಯಾಗಿ ದುಡಿದು, ಕೊನೆಗೆ ಪಿಎಚ್‌ಡಿಗೆ ಸೇರಿದೆ. ವಿಷಯ ಮೆಕ್ಕೆಜೋಳ. ರೋಗಕ್ಕೂ ಹುಳಕ್ಕೂ ಬಗ್ಗದ ತಳಿ ತೆಗೆಯುವುದು.

ಅದರ ಕ್ರಮ ಹೇಳಲು ಸುಲಭ. ಜೋಳದ ಗಿಡದ ತುದಿಯಲ್ಲಿ ಗಂಡು ಹೂವಿನ ಗೊಂಚಲು, ನಡುವೆ ತೆನೆ, ತೆನೆಯ ಬಾಯಲ್ಲಿ ರೇಷ್ಮೆಯ ಎಳೆ. ಗಾಳಿಗೆ ಬಿಟ್ಟರೆ ಊರ ಗಿಡಗಳ ಪರಾಗವೆಲ್ಲ ಬಂದು ಬೀಳುತ್ತದೆ. ಹಾಗೆ ಬೀಳದಂತೆ ಎಳೆ ಹೊರಡುವ ಮೊದಲೇ ತೆನೆಗೆ ಕಾಗದದ ಚೀಲ ತೊಡಿಸಬೇಕು, ಹೂವಿಗೊಂದು ಚೀಲ ಕಟ್ಟಬೇಕು, ಆ ಗಿಡದ ಪರಾಗವನ್ನು ಅದೇ ಗಿಡದ ತೆನೆಗೆ ಉದುರಿಸಿ ಮತ್ತೆ ಮುಚ್ಚಬೇಕು. ಹೀಗೆ ಏಳೆಂಟು ತಲೆಮಾರು ತನ್ನಲ್ಲೇ ಕಾಳು ಕಟ್ಟಿಸಿದರೆ ಗಿಡ ಕುಳ್ಳಗಾಗುತ್ತದೆ, ಬಡಕಲಾಗುತ್ತದೆ, ಆದರೆ ತನ್ನ ಗುಣದಲ್ಲಿ ನಿಲ್ಲುತ್ತದೆ. ಅದಕ್ಕೆ ನಾವು ಲೈನು ಎನ್ನುತ್ತೇವೆ. ಎರಡು ಒಳ್ಳೆಯ ಲೈನು ಕೂಡಿಸಿದರೆ ರೈತರು ಬಿತ್ತುವ ಹೈಬ್ರಿಡ್ ಬೀಜ. ಲೈನಿನಲ್ಲೇ ರೋಗ ತಡೆಯುವ ಶಕ್ತಿ ಇಲ್ಲದಿದ್ದರೆ ಮುಂದಿನದೆಲ್ಲ ವ್ಯರ್ಥ.

ನನ್ನ ಪಾಲಿಗೆ ಬಂದ ರೋಗ ಎಲೆಕವಚದ ಅಂಗಮಾರಿ. ಬುಡದ ಎಲೆಗಳು ಹಾವಿನ ಪೊರೆಯಂತೆ ಪಟ್ಟೆ ಪಟ್ಟೆಯಾಗಿ ಒಣಗುತ್ತ ತೆನೆಯವರೆಗೆ ಏರುತ್ತವೆ. ನಮ್ಮ ಕರಾವಳಿಯ ಭತ್ತಕ್ಕೆ ಬರುವ ಬೂಷ್ಟೇ ಅದು. ಬಯಲುಸೀಮೆಯಲ್ಲಿ ಅದನ್ನು ತರಿಸಲು ನೀರು ಚಿಮ್ಮಿಸಿ ಸಾಯಬೇಕು. ನಮ್ಮೂರಿನಲ್ಲಿ ಕರೆಯದೆ ಬರುತ್ತದೆ. ನನ್ನ ಗೈಡು ಹುಬ್ಬಳ್ಳಿ ಕಡೆಯವರು, ಮಾತು ಕಡಿಮೆ. “ನಿಮ್ಮೂರು ರೋಗಕ್ಕ ಸ್ವರ್ಗ ಐತಿ. ಅಲ್ಲೇ ಹಾಕ್ರಿ. ಅಲ್ಲಿ ಉಳದದ್ದು ಎಲ್ಲಿ ಬೇಕಾದ್ರೂ ಉಳೀತೈತಿ,” ಎಂದರು. ಊರಿನ ಬಗ್ಗೆ ಯಾರಾದರೂ ಹೇಳಿದ ಮೊದಲ ಒಳ್ಳೆಯ ಮಾತು ಎಂದು ನಾನು ಹಿಗ್ಗಿದೆ. ದಡ್ಡತನ.

ಗದ್ದೆ ಬೇಕಾಯಿತು. ನಮಗಂತೂ, ಹೇಳಿದೆನಲ್ಲ, ಇಲ್ಲ. ಹುಡುಕಿ ಕೊಟ್ಟವಳು ಅಬ್ಬಿ, ಎಂದರೆ ನನ್ನ ತಾಯಿ. ಅವಳು ಮೀನಿನ ಬುಟ್ಟಿ ಹೊತ್ತು ಬಸ್ಸಿನಲ್ಲಿ ಶಂಕರನಾರಾಯಣದ ಕಡೆ ಹೋಗಿ ಮನೆ ಮನೆಗೆ ಕೊಡುತ್ತಿದ್ದಳು. ಅಲ್ಲಿ ಒಂದು ದೊಡ್ಡ ಮನೆ, ಮೂವತ್ತು ವರ್ಷದ ಗಿರಾಕಿ. ಮನೆಯ ಯಜಮಾನಿ ವಯಸ್ಸಾದ ಹೆಂಗಸು, ಮಗ ಬ್ರಹ್ಮಾವರದಲ್ಲಿ ಬ್ಯಾಂಕ್ ನೌಕರ. ಆಳು ಸಿಗದೆ ಅವರ ಕೆಳಗಿನ ಬೈಲುಗದ್ದೆಯೆಲ್ಲ ಹಡಿಲು ಬಿದ್ದಿತ್ತು. ಉಳುಮೆಯಲ್ಲಿ ಉಳಿದಿದ್ದುದು ಮೇಲಿನ ಒಂದು ಬೆಟ್ಟುಗದ್ದೆ ಮಾತ್ರ. ನೀರು ನಿಂತರೆ ಜೋಳ ಸಾಯುತ್ತದೆ, ನನಗೆ ಬೇಕಾದದ್ದೂ ಅಂಥ ಎತ್ತರದ ಗದ್ದೆಯೇ. ಬಂಗುಡೆ ತೂಗಿ ಕೊಡುತ್ತಲೇ ಅಬ್ಬಿ ಮಾತು ಮುಗಿಸಿಬಂದಳು. ಬಾಡಿಗೆ ಬೇಡ, ಹುಡುಗಿ ಓದಿಕೊಳ್ಳಲಿ ಎಂದರಂತೆ ಅಮ್ಮ. ನಾನು ಅವರನ್ನು ಅಮ್ಮ ಎಂದೇ ಕರೆದದ್ದು.

ಸುದ್ದಿ ತಿಳಿದು ಮಾವ ಎರಡನೆಯ ಸಲ ಹೇಳಿದರು. “ಈ ಮಳಿಗ್ ಜೋಳವಾ? ಆತಿಲ್ಲೆ ಕಾಣ್.” ಆಮೇಲೆ ಗೂಡ್ಸ್ ರಿಕ್ಷಾದಲ್ಲಿ ಹಳೆಯ ಬಲೆಗಳನ್ನು ಹೇರಿಕೊಂಡು ತಾವೇ ಶಂಕರನಾರಾಯಣಕ್ಕೆ ಬಂದು, ಗೂಟ ಹೊಡೆದು, ಗದ್ದೆಯ ಸುತ್ತ ಮತ್ತು ಮೇಲೆ ನವಿಲೂ ಗಿಳಿಯೂ ನುಗ್ಗದಂತೆ ಕಟ್ಟಿದರು. “ನಮ್ ಅಜ್ಜಯ್ಯ ಕಂಡಿದ್ರೆ ನೆಗಾಡಿ ಸಾಯ್ತಿದ್ರ್. ಬಲಿ ಹಾಕಿದ್ದ್ ಗುಡ್ಡಿ ಮೇಲೆ, ಮೀನ್ ಬದ್ಲ್ ನವಿಲ್,” ಎನ್ನುತ್ತ ಗಂಟು ಬಿಗಿದರು.

ಮೊದಲ ಮಳೆಗಾಲ ಹಾಳಾಯಿತು. ಅರವತ್ತು ಲೈನು ಹಾಕಿದ್ದೆ. ಒಂದೊಂದಕ್ಕೆ ಒಂದೊಂದು ಸಾಲು, ಸಾಲಿಗೊಂದು ನಂಬರಿನ ಗೂಟ. ಬೇಗ ಬಿತ್ತಿದ್ದರಿಂದ ಹೂ ಬರುವ ಹೊತ್ತಿಗೆ ಆಟಿ ತಿಂಗಳ ಬಿಡದ ಮಳೆ. ಜೋಳದ ಪರಾಗ ಒಣ ಹಿಟ್ಟಿನಂತೆ ಉದುರಬೇಕು. ನನ್ನ ಚೀಲಗಳಲ್ಲಿ ಅದು ಗಂಜಿಯಾಗಿರುತ್ತಿತ್ತು. ಛತ್ರಿ ಕಂಕುಳಲ್ಲಿ ಸಿಕ್ಕಿಸಿ, ಚೀಲ ಬಾಯಲ್ಲಿ ಕಚ್ಚಿ, ಹೂ ಅಲ್ಲಾಡಿಸಿದರೆ ಬರುವುದು ನೀರು. ಸ್ಟೇಪಲ್ ಪಿನ್ನು ತುಕ್ಕು ಹಿಡಿದು ಚೀಲದ ಮೂಲೆ ಹರಿಯುತ್ತಿತ್ತು. ಸಿಕ್ಕಿದ ತೆನೆಗಳಲ್ಲಿ ಅಲ್ಲೊಂದು ಇಲ್ಲೊಂದು ಕಾಳು, ಮುದುಕರ ಬಾಯಿಯ ಹಾಗೆ. ಗೈಡು ಎಣಿಸಿ ನೋಡಿ, “ಬೀಜಕ್ಕ ಸಾಲ್ತೈತಿ. ಪ್ರಬಂಧಕ್ಕ ಸಾಲಂಗಿಲ್ಲ,” ಎಂದರು. ವರ್ಷವೊಂದು ಹೋಯಿತು.

ಎರಡನೆಯ ವರ್ಷ ತಡಮಾಡಿ ಬಿತ್ತಿದೆ. ಆಟಿ ಕಳೆದು ಬರುವ ಸೋಣೆ ತಿಂಗಳ ನಡುವೆ ಬಿಸಿಲು ಇಣುಕುವ ವಾರದಲ್ಲಿ ಹೂ ಬರುವಂತೆ ಲೆಕ್ಕ ಹಾಕಿದ್ದೆ. ರೋಗ ತಾನಾಗಿ ಬರುತ್ತದೆ ನಿಜ, ಆದರೆ ಎಲ್ಲ ಗಿಡಕ್ಕೂ ಒಂದೇ ಸಮ ಬರುವುದಿಲ್ಲ. ಅದಕ್ಕಾಗಿ ಬಾಟಲಿಯಲ್ಲಿ ಬೇಯಿಸಿದ ಬಾರ್ಲಿ ಕಾಳಿನ ಮೇಲೆ ಬೂಷ್ಟು ಬೆಳೆಸಿ, ಗಿಡದ ಬುಡದ ಕವಚ ಬಿಡಿಸಿ, ಒಂದೊಂದಕ್ಕೆ ಎರಡೆರಡು ಕಾಳು ಸಿಕ್ಕಿಸುತ್ತ ಹೋದೆ. ಅಮ್ಮ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು.

“ಅದ್ ಗೊಬ್ರವಾ ಮಗಾ?”

“ಅಲ್ಲ ಅಮ್ಮ, ಕಾಯ್ಲೆ.”

“ಕಾಯ್ಲೆಗ್ ಮದ್ದಾ?”

“ಮದ್ದಲ್ಲ, ಕಾಯ್ಲೆಯೇ. ನಾನೇ ಬರ್ಸೂದ್.”

“ಇದಕ್ಕ್ ಸರ್ಕಾರ ಸಂಬ್ಳ ಕೊಡ್ತಾ?” ಎಂದರು. ಬೈದದ್ದಲ್ಲ, ನಿಜಕ್ಕೂ ಕೇಳಿದ್ದು.

ಇನ್ನೊಂದು ಅಂಚಿನ ಗಿಡಗಳ ಸುಳಿಯೊಳಗೆ ಕಾಂಡಕೊರಕದ ಮರಿಹುಳಗಳನ್ನು ಕುಂಚದ ತುದಿಯಿಂದ ಬಿಟ್ಟೆ. ಅದನ್ನು ನಾನು ಅಮ್ಮನಿಗೆ ಹೇಳಲಿಲ್ಲ.

ರೋಗ ಬಂತು. ಬಂದ ರೀತಿ ನೋಡಿ ನನಗೇ ಹೆದರಿಕೆಯಾಯಿತು. ಅರವತ್ತರಲ್ಲಿ ಐವತ್ತು ಲೈನು ಬುಡದಿಂದ ತೆನೆಯವರೆಗೆ ಸುಟ್ಟವು. ಒಂದರಿಂದ ಒಂಬತ್ತರವರೆಗೆ ಅಂಕ ಕೊಡುವ ಪದ್ಧತಿ, ಒಂಬತ್ತು ಎಂದರೆ ಸತ್ತಂತೆ. ಪುಸ್ತಕದ ಪುಟವೆಲ್ಲ ಎಂಟು, ಒಂಬತ್ತು, ಒಂಬತ್ತು. ಆರು ನಡುವೆ ಎಲ್ಲೋ ಉಳಿದವು, ನಾಲ್ಕೇ ಲೈನು ಎರಡು ಮೂರರಲ್ಲಿ ನಿಂತವು. ಆ ನಾಲ್ಕರಲ್ಲಿ ಚೀಲ ಹಾಕಿ ಕಾಳು ಕಟ್ಟಿಸಿದ ಗಟ್ಟಿ ತೆನೆಗಳು ಹನ್ನೊಂದು. ನನ್ನ ಪಿಎಚ್‌ಡಿ ಎಂದರೆ ಆ ಹನ್ನೊಂದು ತೆನೆ. ಮುಂದಿನ ಮಳೆಗಾಲ ಅವನ್ನೇ ಬಿತ್ತಿ, ಮತ್ತೊಮ್ಮೆ ರೋಗ ಬರಿಸಿ, ತಡೆದರೆ ಬರೆದು ಮುಗಿಸಬೇಕು. ವಿಶ್ವವಿದ್ಯಾಲಯ ಕೊಟ್ಟ ಅವಧಿ ಅಲ್ಲಿಗೆ ಸರಿಯಾಗಿ ತೀರುತ್ತಿತ್ತು. ಹಳೆಯ ತಲೆಮಾರಿನ ಕಾಳು ನಾಲ್ಕೈದು ಉಳಿದಿದ್ದವು, ಅಲ್ಲಿಂದ ಶುರುಮಾಡಿದರೆ ಇನ್ನೊಂದು ವರ್ಷ ಬೇಕು. ಆ ವರ್ಷ ನನ್ನ ಹತ್ತಿರ ಇರಲಿಲ್ಲ.

ತೆನೆ ಒಣಗಲು ಬಿಟ್ಟು, ಅಂಕಗಳ ಪುಸ್ತಕ ತೋರಿಸಲು ಗೈಡ್ ಹತ್ತಿರ ಹೋದೆ. ನಾಲ್ಕು ದಿನ. ವಾಪಸು ಬಂದು ಬಸ್ಸಿಳಿದು ನೇರ ಗದ್ದೆಗೆ ಇಳಿದೆ. ಬಲೆಯ ಒಂದು ಮೂಲೆ ಬಿಚ್ಚಿ ನೀಟಾಗಿ ಮಡಚಿತ್ತು. ನಾಲ್ಕು ಸಾಲುಗಳಲ್ಲಿ ಗಿಡಗಳಿದ್ದವು, ತೆನೆಗಳಿರಲಿಲ್ಲ. ಒಂದನ್ನೂ ಬಿಟ್ಟಿರಲಿಲ್ಲ. ಪಕ್ಕದ ರೋಗದ ಸಾಲುಗಳಲ್ಲಿ ಚೀಲಗಳು ಹಾಗೇ ನೇತಾಡುತ್ತಿದ್ದವು.

ಮನೆಗೆ ಓಡಿದೆ. ಅಂಗಳಕ್ಕೆ ಕಾಲಿಡುವ ಮೊದಲೇ ಕಂಡಿತು. ಹೆಬ್ಬಾಗಿಲಿನ ಎರಡೂ ಕಡೆ, ಮಾವಿನೆಲೆ ಹಲಸಿನೆಲೆಯ ಜೊತೆ ನಾರಿನಿಂದ ಕಟ್ಟಿ, ಸಿಪ್ಪೆ ಅರ್ಧ ಸುಲಿದು ನೇತುಹಾಕಿದ ನನ್ನ ತೆನೆ.

ಅವತ್ತು ಅವರ ಮನೆಯ ಹೊಸ್ತು. ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಹೊಸ ಬೆಳೆ ಬಂದಾಗ ಒಳ್ಳೆಯ ದಿನ ನೋಡಿ ಬೆಳಗಿನ ಜಾವ ಗದ್ದೆಯಿಂದ ಕದಿರು ತಂದು, ಪೂಜೆ ಮಾಡಿ, ಬಾಗಿಲಿಗೆ, ಬಾವಿಗೆ, ಅಕ್ಕಿಯ ಕಣಜಕ್ಕೆ, ದನದ ಹಟ್ಟಿಗೆ, ಈಗೀಗ ಕಾರು ಬೈಕಿಗೂ ಕಟ್ಟಿ, ಹೊಸ ಅಕ್ಕಿಯ ಊಟ ಮಾಡುವುದು. ಕದಿರು ಎಂದರೆ ಭತ್ತದ ತೆನೆ. ಇಷ್ಟು ವರ್ಷ ನಾನು ಹಾಗೆಂದೇ ತಿಳಿದಿದ್ದೆ.

“ಬಂದ್ಯಾ ಮಗಾ? ಕೂಕೋ. ಪಾಯ್ಸ ಇತ್ತ್,” ಎಂದರು ಅಮ್ಮ.

“ಅಮ್ಮಾ, ನನ್ನ ತೆನಿ.”

“ಕದಿರಾ? ನಾನೇ ತಂದದ್ದ್. ಬೈಲ್ ಗದ್ದಿ ಹಡಿಲ್ ಬಿತ್ತಲ, ಎಂತ ಮಾಡೂದ್? ಬೇರೆಯವ್ರ್ ಗದ್ದಿ ಕದಿರ್ ಈ ಬಾಗ್ಲಿಗ್ ಯಾವತ್ತೂ ಕಟ್ಟಿದ್ದಿಲ್ಲೆ. ನಮ್ ಮಣ್ಣಂಗ್ ಬೆಳ್ದದ್ದೇ ಆಯ್ಕ್.”

“ಅದ್ ಜೋಳ ಅಮ್ಮ. ಭತ್ತ ಅಲ್ಲ.”

“ಜೋಳ ತಿಂಬುದಲ್ದಾ? ಭಟ್ರ್ ಹತ್ರ ಕೇಣ್ದೆ, ಧಾನ್ಯ ಆದ್ರ್ ಆಯ್ತ್ ಅಂದ್ರ್.” ಆಮೇಲೆ ನನಗೆ ಸಮಾಧಾನ ಹೇಳುವಂತೆ, “ಕಾಯ್ಲೆ ಬಂದದ್ದ್ ಒಂದೂ ಮುಟ್ಲಿಲ್ಲೆ. ಇಡೀ ಗದ್ದಿ ಹುಡ್ಕಿ ಲಾಯ್ಕಿದ್ದದ್ದೇ ತಂದೆ. ದೇವ್ರಿಗ್ ಕೊಡೂದಲ್ದಾ,” ಎಂದರು.

ನಾನು ಅಂಕದ ಪುಸ್ತಕ ಹಿಡಿದು ಎರಡು ತಿಂಗಳು ಮಾಡಿದ ಆಯ್ಕೆಯನ್ನು ಆ ಮುದುಕಿ ಒಂದು ಬೆಳಗಿನ ಜಾವ ಟಾರ್ಚ್ ಹಿಡಿದು ಮಾಡಿದ್ದರು. ಒಂದೂ ತಪ್ಪಿರಲಿಲ್ಲ. ತಪ್ಪಿದ್ದರೆ ನನಗೆ ಎರಡು ಮೂರಾದರೂ ಉಳಿಯುತ್ತಿತ್ತು.

“ನಿನ್ ಕಾಗ್ದ ಎಂತ ಹಾಳಾಯ್ಲಿಲ್ಲೆ ಕಾಣ್,” ಎಂದು ಒಳಗಿನಿಂದ ತಂದುಕೊಟ್ಟರು. ಹನ್ನೊಂದು ಚೀಲ, ಇಸ್ತ್ರಿ ಹಾಕಿದಂತೆ ಮಡಚಿ, ಮೇಲೆ ಕಲ್ಲು ಹೇರಿ ಇಟ್ಟಿದ್ದರು. ಲೈನಿನ ನಂಬರು, ಪರಾಗ ಹಾಕಿದ ತಾರೀಕು ಎಲ್ಲ ಆ ಚೀಲಗಳ ಮೇಲೆಯೇ ಇತ್ತು. ಯಾವ ಸಾಲಿನಿಂದ ತೆನೆ ಹೋಗಿದೆ ಎಂದು ಗೂಟ ನೋಡಿ ಹೇಳಬಹುದು. ಯಾವ ಬಾಗಿಲಿನಲ್ಲಿ ಯಾವ ಲೈನು ನೇತಾಡುತ್ತಿದೆ ಎಂದು ದೇವರಿಗೂ ಗೊತ್ತಿರಲಿಲ್ಲ.

ಏಣಿ ಕೇಳಿದೆ. ಕಟ್ಟಿದ ಕದಿರು ಬಿಚ್ಚಬಾರದು, ಮುಂದಿನ ಹೊಸ್ತಿನವರೆಗೆ ಅಲ್ಲೇ ಇರಬೇಕು ಎಂದರು. ನನಗೆ ತಡೆಯಲಾಗಲಿಲ್ಲ. “ನಿಮ್ಗ್ ಎಂತ ಗೊತ್ತಿತ್ತ್? ನನ್ನ ಎರಡ್ ವರ್ಷ ತೆಗ್ದ್ ಬಾಗ್ಲಿಗ್ ಕಟ್ಟಿದ್ರಿ,” ಎಂದುಬಿಟ್ಟೆ. ಪಾಯಸದ ಲೋಟ ಅವರ ಕೈಯಲ್ಲೇ ಉಳಿಯಿತು. ನಾನು ಬಸ್‌ಸ್ಟ್ಯಾಂಡಿಗೆ ನಡೆದೆ.

ಕುಂದಾಪುರದಲ್ಲಿ ಬಸ್ಸು ಬದಲಿಸುವಾಗ ಗೈಡ್‌ಗೆ ಫೋನು ಮಾಡಿದೆ. ಪೂರ್ತಿ ಕೇಳಿ, “ಯಾವ ತೆನಿ ಯಾವ ಲೈನಿಂದು ಅಂತ ಗೊತ್ತಿಲ್ಲಂದ್ರ ಅದು ಬೀಜ ಅಲ್ರೀ, ಹಕ್ಕಿಗೆ ಹಾಕೋ ಕಾಳು,” ಎಂದು ಇಟ್ಟರು. ಬೈದಿದ್ದರೆ ವಾಸಿಯಿತ್ತು. ಆ ರಾತ್ರಿ ನಾನೇ ಹೇಳಿಕೊಂಡೆ, ಇದು ಆಗುವುದಲ್ಲ.

ಮರುದಿನ ಅಬ್ಬಿ ಮೀನು ಮಾರಿ ಬಂದವಳು ಬುಟ್ಟಿ ಇಳಿಸುವ ಮೊದಲೇ ಶುರುಮಾಡಿದಳು.

“ನೀ ಅವ್ರ್ ಮನಿಯಂಗ್ ಹೊಸ್ತಿನ್ ಪಾಯ್ಸ ಕುಡೀದೆ ಬಂದ್ಯಂಬ್ರ್?”

“ಅವ್ರ್ ಎಂತ ಮಾಡಿದ್ರ್ ಅಂದ್ಹೇಳಿ ನಿಂಗ್ ಗೊತ್ತಿತ್ತಾ?”

“ಗೊತ್ತಿತ್ತ್. ಅವ್ರ್ ಗದ್ದಿ, ಅವ್ರ್ ಬಾಗ್ಲ್, ಅವ್ರ್ ಕಟ್ಟಿದ್ರ್. ನೀ ನಾಲ್ಕ್ ದಿನ ಊರ್ ಬಿಟ್ಟ್ ಹೋಪಾಗ ಒಂದ್ ಮಾತ್ ಹೇಳಿದ್ಯಾ, ಇದನ್ನ್ ಮುಟ್ಬೇಡಿ ಅಂದ್ಹೇಳಿ? ಅಷ್ಟ್ ಓದಿದ್ಯಲ, ಹೊಸ್ತ್ ಯಾವಾಗ ಅಂದ್ಹೇಳಿ ಪಂಚಾಂಗ ಕಾಂಬುಕ್ ಬತ್ತಿಲ್ಯಾ?”

ರೋಗದ ಅಂಕ ಕೊಡುವುದು ಕಲಿತಿದ್ದೆ. ಗದ್ದೆ ಯಾರದ್ದೋ ಅವರಿಗೂ ಆ ಬೆಳೆಯ ಮೇಲೆ ಒಂದು ಕೆಲಸವಿರುತ್ತದೆ ಎಂಬುದು ನನ್ನ ಯಾವ ಪಾಠದಲ್ಲೂ ಇರಲಿಲ್ಲ. ಗದ್ದೆ ಇದ್ದ ಮನೆಯಲ್ಲಿ ಹುಟ್ಟಿದ್ದರೆ ಈ ತಪ್ಪು ಮಾಡುತ್ತಿರಲಿಲ್ಲವೇನೋ. ಮಾವನ ಮಾತಿನಲ್ಲಿ ಸ್ವಲ್ಪ ಸತ್ಯವಿತ್ತು ಎಂದು ಒಪ್ಪಿಕೊಳ್ಳಬೇಕಾಗಿ ಬಂದದ್ದು ನನಗೆ ಎಲ್ಲಕ್ಕಿಂತ ಕಹಿಯಾಯಿತು.

ಅಬ್ಬಿ ನನ್ನನ್ನು ಕರೆದುಕೊಂಡು ಹೋದಳು. ನಾನು ಕ್ಷಮೆ ಕೇಳಿದೆ. ಅಮ್ಮ, “ಆಯ್ತ್ ಬಿಡ್,” ಎಂದರು, ಮುಖ ನೋಡಲಿಲ್ಲ. ಅಬ್ಬಿ ತೆನೆಯ ಸುದ್ದಿಯನ್ನೇ ಎತ್ತಲಿಲ್ಲ. ಕಾಣೆ ಮೀನಿನ ಕ್ರಯ, ಮಗನ ಬ್ಯಾಂಕು, ಹಟ್ಟಿಯ ಕರು ಎಲ್ಲ ಮಾತಾಡಿ, ಹೊರಡುವಾಗ ಹೆಬ್ಬಾಗಿಲಿನ ಹತ್ತಿರ ತಲೆಯೆತ್ತಿ ನೋಡಿದಳು.

“ಹ್ವಾಯ್ ಅಮ್ಮಾ, ಇದ್ ಮುಂದಿನ್ ವರ್ಷದ್ ತನ್ಕ ಇರತ್ತಾ? ಇಲಿ ಬಿಡ್ತಾ?”

“ಇಲಿ ತಿಂದ್ರ್ ತಿನ್ಲಿ. ಅದ್ರ್ ಋಣ.”

“ಇಲಿಗ್ ಇದ್ದ್ ಋಣ ನನ್ ಮಗ್ಳಿಗ್ ಇಲ್ಯಾ?”

ಅಮ್ಮ ಅಬ್ಬಿಯನ್ನೇ ನೋಡಿದರು. ಆಮೇಲೆ ಮೊದಲ ಸಲ ನನ್ನ ಕಡೆ ತಿರುಗಿದರು. “ಕದಿರ್ ಬಿಚ್ಚೂಕಾಗ. ಕಟ್ಟಿದಲ್ಲೇ ಇರ್ಕ್. ಕಾಳ್ ಬೇಕಾರೆ ತಕ್ಕೋ. ಒಂದೊಂದ್ರಲ್ ನಾಲ್ಕ್ ಕಾಳ್ ಬಿಡ್ಕ್, ಬಾಗ್ಲ್ ಬರಿದ್ ಆಪುಕಾಗ.”

ಕಾಳು ಇನ್ನೂ ಹಸಿ. ಒಣಗುವವರೆಗೆ ಕಾಯಬೇಕಿತ್ತು. ಮೂರು ವಾರ ದಿನ ಬಿಟ್ಟು ದಿನ ತ್ರಾಸಿಯಿಂದ ಕುಂದಾಪುರ, ಕುಂದಾಪುರದಿಂದ ಶಂಕರನಾರಾಯಣ. ಬೇರೆಯವರ ಮನೆಯ ಬಾಗಿಲಿನಲ್ಲಿ ನಿಂತು ನನ್ನ ಭವಿಷ್ಯಕ್ಕೆ ಬೂಷ್ಟು ಬಂತೇ ಎಂದು ಮೂಸಿ ನೋಡಿ ಬರುವುದು. ಹಟ್ಟಿಯ ತೆನೆಯನ್ನು ಕರು ತಿಂದಿತು. ಬಾವಿಯದ್ದು ಮಳೆಗೆ ನೆನೆದು ಮೊಳಕೆ ಬಂತು. ಕಾರಿನ ಮುಂದೆ ಕಟ್ಟಿದ್ದು ದಿನಾ ಬ್ರಹ್ಮಾವರದ ಬ್ಯಾಂಕಿಗೆ ಹೋಗಿ ಬರುತ್ತಿತ್ತು. ಆ ಕಾರು ಹೆದ್ದಾರಿಯಲ್ಲಿ ಹೋಗುವುದನ್ನು ನೆನೆದರೆ ನನಗೆ ಊಟ ಸೇರುತ್ತಿರಲಿಲ್ಲ.

ಒಂಬತ್ತು ಉಳಿದವು. ಏಣಿ ಹತ್ತಿ, ಹೆಬ್ಬೆರಳಿನಿಂದ ಒಂದೊಂದೇ ಕಾಳು ಬಿಡಿಸಿ ಒಂಬತ್ತು ಸ್ಟೀಲ್ ಬಟ್ಟಲಿಗೆ ಹಾಕಿದೆ. ನಂಬರು ಗೊತ್ತಿಲ್ಲದ ಕಾರಣ ಸ್ಥಳದ ಹೆಸರನ್ನೇ ಬರೆದೆ. ಹೆಬ್ಬಾಗಿಲು ಎಡ. ಹೆಬ್ಬಾಗಿಲು ಬಲ. ಕಣಜ. ದೇವರಕೋಣೆ. ಕಾರು. ಏಣಿ ಹಿಡಿದಿದ್ದ ಅಮ್ಮ ಕೆಳಗಿನಿಂದ, “ನಾಲ್ಕ್ ಬಿಟ್ಯಾ? ಎಣ್ಸ್,” ಎನ್ನುತ್ತಿದ್ದರು.

ಬಟ್ಟಲುಗಳನ್ನು ಮನೆಗೆ ತಂದು ಗೋಣಿಯ ಮೇಲೆ ಸಾಲಾಗಿ ಇಟ್ಟೆ. ಹೊಂದಿಸುವುದು ಹೇಗೆ ಎಂದು ತಲೆ ಕೆರೆಯುತ್ತಿರುವಾಗ ಅಬ್ಬಿ ಕೈ ತೊಳೆದು ಬಂದು ಕೂತಳು. ಮೂರು ಬೋಟಿನ ಬೂತಾಯಿ ಮೀನು ಒಂದೇ ಬುಟ್ಟಿಗೆ ಬಿದ್ದರೂ ಯಾವುದು ಯಾವ ಬೋಟಿನದು ಎಂದು ಬೇರೆ ಮಾಡುವ ಕಣ್ಣು ಅವಳದು. ಕಾಳನ್ನು ಅಂಗೈಯಲ್ಲಿ ಹೊರಳಿಸಿ, “ಇದೂ ಇದೂ ಒಂದೇ. ಬೆನ್ನ್ ಚಪ್ಪಟೆ ಇತ್ತ್ ಕಾಣ್. ಇದ್ರ್ ಮೂತಿ ಚೂಪ್, ಬೇರೆ,” ಎನ್ನುತ್ತ ನಾಲ್ಕು ಗುಂಪು ಮಾಡಿದಳು. ನಾನು ಹಳೆಯ ಪುಸ್ತಕ ತೆಗೆದು ಕಾಳಿನ ಬಣ್ಣ, ಆಕಾರದ ವಿವರ ತಾಳೆ ನೋಡಿದೆ. ಕಣಜದ್ದು ಮೂರನೆಯ ಗುಂಪೆಂದು ಅವಳು, ನಾಲ್ಕನೆಯದೆಂದು ನಾನು. ಕಾರಿನದು ಮೊದಲನೆಯದೆಂದು ಇಬ್ಬರೂ. ತನ್ನಲ್ಲೇ ಕಾಳು ಕಟ್ಟಿಸಿದ ಲೈನಿನ ಗುಣ ಅದು, ಅಕ್ಕತಂಗಿ ತೆನೆಗಳು ಒಂದೇ ಅಚ್ಚು. ಕಾಲೇಜಿನಲ್ಲಿ ನಾನು ಬಾಯಿಪಾಠ ಮಾಡಿದ್ದನ್ನು ಅವಳು ಬೆರಳಿನಿಂದ ಓದುತ್ತಿದ್ದಳು. ಅದಕ್ಕೆ ನನಗೆ ಸಂತೋಷವಾಗಬೇಕಿತ್ತು. ನಿಜ ಹೇಳಬೇಕೆಂದರೆ ಆಗ ಆದದ್ದು ಕಿರಿಕಿರಿಯೇ.

ಗೈಡು ಬೀಜದ ರಿಜಿಸ್ಟರ್ ತೆರೆದು, ‘ಹೆಬ್ಬಾಗಿಲು ಎಡ’ ಎಂದು ಎರಡು ಸಲ ಓದಿದರು. “ಇದೇನಿದು?” ವಿವರಿಸಿದೆ. ಕನ್ನಡಕ ತೆಗೆದು ಒರೆಸಿದರು. “ಬೇರೆ ಬೇರೆ ಸಾಲು ಹಾಕ್ರಿ. ಎಲಿ, ಹೂವು, ಎಳಿ ಬಣ್ಣ ಹಳೇ ದಾಖಲೆ ಜೋಡಿ ಕೂಡಿದ್ರ ಲೈನು. ಕೂಡಲಿಲ್ಲಂದ್ರ ಕಿತ್ತು ಒಗೀರಿ. ಅಳೋದು ಬ್ಯಾಡ.” ಕೊನೆಯ ಮಾತನ್ನು ಯಾಕೆ ಸೇರಿಸಿದರೋ, ನಾನು ಅಳುತ್ತಿರಲಿಲ್ಲ.

ಮೂರನೆಯ ಮಳೆಗಾಲ. ಗದ್ದೆಯ ಅಂಚಿಗೆ ಎರಡು ಸಾಲು ಭತ್ತ ಹಾಕಿದೆ, ಅಮ್ಮನ ಕದಿರಿಗೆ. ಅದೇ ಬೂಷ್ಟು ಭತ್ತಕ್ಕೂ ಬರುವುದರಿಂದ ರೋಗ ಹರಡಲು ಸಹಾಯವಾಗುತ್ತದೆ ಎಂದು ಪ್ರಬಂಧದಲ್ಲಿ ಬರೆದುಕೊಂಡೆ. ಸುಳ್ಳಲ್ಲ. ನಾಲ್ಕು ದಿನ ಬೇಗ ಕದಿರು ಬರಲೆಂದು ಅವಕ್ಕೆ ಗೊಬ್ಬರ ಹಾಕಿದ್ದನ್ನು ಬರೆಯಲಿಲ್ಲ.

ಸಾಲುಗಳು ಎದ್ದಾಗ ಕಾರಿನದು ಯಾವ ಲೈನಿಗೂ ಕೂಡಲಿಲ್ಲ, ಚೀಲದೊಳಗೆ ಹೊರಗಿನ ಪರಾಗ ನುಸುಳಿರಬೇಕು, ಇಬ್ಬರೂ ಸೋತಿದ್ದೆವು. ಕಿತ್ತು ಎಸೆದೆ. ಕಣಜದ್ದು ಅಬ್ಬಿ ಹೇಳಿದಂತೆ ಮೂರನೆಯ ಗುಂಪು. ಉಳಿದವು ದಾಖಲೆಗೆ ಕೂಡಿದವು. ಸುಳಿಗಳಿಗೆ ಮತ್ತೆ ಹುಳ ಬಿಟ್ಟೆ, ರೋಗ ಬರಿಸಿದೆ. ರೋಗವನ್ನು ತಡೆದವು. ಎರಡು, ಎರಡು, ಮೂರು ಎಂದು ಅಂಕ ಬರೆದೆ. ಹದಿನೈದು ದಿನ ಕಳೆದು ನೋಡಿದರೆ ಎಲ್ಲಕ್ಕಿಂತ ಗಟ್ಟಿಯಾಗಿ ನಿಂತಿದ್ದ ಲೈನಿನ ಸುಳಿಗಳು ಒಣಗುತ್ತಿದ್ದವು. ಎಳೆದರೆ ಕೈಗೇ ಬಂತು, ಒಳಗೆ ಹುಳ. ರೋಗವನ್ನು ತಡೆದದ್ದು ಕಾಂಡಕೊರಕಕ್ಕೆ ಬಾಗಿಲು ತೆರೆದು ಕೂತಿತ್ತು. ಎರಡನ್ನೂ ತಕ್ಕಮಟ್ಟಿಗೆ ತಡೆದದ್ದು ಒಂದೇ ಒಂದು ಲೈನು, ದೇವರಕೋಣೆಯದ್ದು. ಅದರ ತೆನೆ ನನ್ನ ಅಂಗೈಗಿಂತ ಚಿಕ್ಕದು. ಅಮ್ಮ ನೋಡಿ, “ಇಷ್ಟಾ?” ಎಂದರು. ಇಷ್ಟೇ. ಅದನ್ನು ಇನ್ನೊಂದರ ಜೊತೆ ಕೂಡಿಸಿ, ಇನ್ನೂ ಎಷ್ಟೋ ವರ್ಷ ಕಳೆದು, ಯಾವುದೋ ಊರಿನ ರೈತನಿಗೆ ಬೀಜವಾಗಬಹುದು. ಆಗದೆಯೂ ಇರಬಹುದು. ಗೈಡು, “ಅದನ್ನೇ ಬರೀರಿ. ಇದ್ದದ್ದು ಇದ್ದಾಂಗ,” ಎಂದರು. ಬರೆದೆ. ಅವಧಿ ಮುಗಿಯಲು ಒಂಬತ್ತು ದಿನವಿರುವಾಗ ಪ್ರಬಂಧ ಕೊಟ್ಟೆ.

ಘಟಿಕೋತ್ಸವಕ್ಕೆ ಅಬ್ಬಿಯೂ ಮಾವನೂ ಬಂದರು. ಅಪ್ಪಯ್ಯ ಬೋಟಿನಲ್ಲಿದ್ದ. ಬಾಡಿಗೆಯ ಗೌನು ನನ್ನ ಕಾಲಿಗೆ ಸಿಕ್ಕುತ್ತಿತ್ತು. ಹೆಸರು ಕರೆದಾಗ ಮೆಟ್ಟಿಲು ಹತ್ತಿದೆ, ಎರಡೂ ಕೈ ಚಾಚಿದೆ, ಪದವಿಪತ್ರ ಕೈಗೆ ಬಂತು. ಇಷ್ಟು ವರ್ಷದ ಕೆಲಸ ಮುಗಿಯಲು ಒಂದು ಉಸಿರಿನಷ್ಟು ಹೊತ್ತೂ ಹಿಡಿಯಲಿಲ್ಲ.

ಹೊರಗೆ ಮರದ ಕೆಳಗೆ ಅವರಿಬ್ಬರೂ ಕಾಯುತ್ತಿದ್ದರು. ಪತ್ರವನ್ನು ಮಾವನ ಕೈಗೆ ಕೊಟ್ಟೆ. ಅವರು ಕೈಯನ್ನು ಪಂಚೆಗೆ ಒರೆಸಿಕೊಂಡು, ಅಂಚಿನಲ್ಲಿ ಮಾತ್ರ ಹಿಡಿದು, ಬಹಳ ಹೊತ್ತು ನೋಡಿದರು.

“ಇದ್ರಂಗ್ ಜೋಳ ಅಂದ್ಹೇಳಿ ಎಲ್ ಬರ್ದಿತ್ತ್?”

“ಅದೆಲ್ಲ ಬರಿತಿಲ್ಲೆ ಮಾವ. ನನ್ನ ಹೆಸ್ರ್ ಮಾತ್ರ.”

“ಹ್ಞೂಂ,” ಎಂದರು. ಪತ್ರವನ್ನು ಅಬ್ಬಿಗೆ ಕೊಟ್ಟರು. ಅಬ್ಬಿ ಅದನ್ನು ಸೆರಗಿನೊಳಗೆ ಇಟ್ಟುಕೊಂಡಳು. ಮಾವ ಪಂಚೆ ಎತ್ತಿ ಕಟ್ಟಿಕೊಂಡು ನನ್ನ ಕಡೆ ತಿರುಗಿದರು.

“ಆಯ್ತಲ. ಇನ್ನಾರೂ ಮನಿಗ್ ಬತ್ತ್ಯಾ, ಅಲ್ಲ ಆ ಜೋಳಕ್ಕ್ ಮತ್ತೊಂದ್ ಕಾಯ್ಲೆ ಬಂತಾ?”